ಮನೆಯಲ್ಲೇ ಕಟ್ಟಿದ ‘ಓವರ್‌ನೈಟ್ ಸೆನ್ಸೇಷನ್’ ಸ್ಪೀಕರ್‌ಗಳು

ಸ್ಪೀಕರ್ ವಿನ್ಯಾಸಕ ಪಾಲ್ ಕಾರ್ಮೊಡಿ ಅವರ ಈ ವಿನ್ಯಾಸವು ಹೈವೈ ಕಂಪನಿಯ 4 ಇಂಚಿನ ವೂಫರ್ (ಮಂದ್ರ ನಾದ ಹೊರಡಿಸುವ ಭಾಗ) ಹಾಗೂ ಡೇಟನ್ ಆಡಿಯೊದ ಪುಟ್ಟ ಟ್ವೀಟರ್ (ತಾರ ನಾದ ಹೊರಡಿಸುವ ಭಾಗ) ಬಳಸಿಕೊಂಡು ಗಾತ್ರಕ್ಕೆ ಮೀರಿದ ನಾದವನ್ನು ಕೊಡುತ್ತದೆ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆಯಲ್ಲಿ ಪೆಟ್ಟಿಗೆ ಕಟ್ಟಿ, ಮಂದ್ರ ಮತ್ತು ತಾರ ನಾದಗಳನ್ನು ಬೇರ್ಪಡಿಸಿ ವೂಫರ್, ಟ್ವೀಟರ್‌ಗಳಿಗೆ ಹಂಚುವ ಕ್ರಾಸ್‌ಓವರ್ ಸರ್ಕ್ಯೂಟ್‌ನ ಬೆಸುಗೆ ಮುಗಿಸಿ ಮೊದಲ ಬಾರಿ ಕೇಳಿದಾಗ, ಗಾಯಕಿಯ ದನಿ ನಡುವೆ ನಿಲ್ಲದೆ ಕೋಣೆಯೆಲ್ಲ ಚದುರಿತು, ಮಂದ್ರವೂ ಸೊರಗಿತ್ತು. ಒಂದು ಸ್ಪೀಕರ್‌ನ ಪ್ಲಸ್, ಮೈನಸ್ ತಂತಿಗಳು ಅದಲುಬದಲಾಗಿದ್ದುದೇ ಅದಕ್ಕೆ ಕಾರಣ. ಅದನ್ನು ಸರಿಪಡಿಸಿ, ಗೋಡೆಯಿಂದ 2 ಅಡಿ ಮುಂದೆ ತಂದು, ಟ್ವೀಟರ್‌ಗಳು ಕಿವಿಯ ಎತ್ತರಕ್ಕೆ ಬರುವಂತೆ ಇಟ್ಟು, ಎರಡನ್ನೂ ತುಸು ಒಳಮುಖವಾಗಿ ತಿರುಗಿಸಿದ ಮೇಲೆ ಕಂಠ ನಡುವೆ, ಪಿಟೀಲು ಬಲಕ್ಕೆ, ಮೃದಂಗ ಎಡಕ್ಕೆ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿ ನೆಲೆಗೊಂಡವು. ಮೃದಂಗದ ಎಡಮುಖದ ಆಳ ಪೂರ್ತಿ ಬರುವುದಿಲ್ಲ, ದೊಡ್ಡ ಹಾಲ್‌ಗೆ ಇದು ಸಾಲದು. ಸಣ್ಣ ಕೋಣೆಯಲ್ಲಿ ಕೂತು ಸಂಗೀತ ಕೇಳುವವರಿಗೆ ಮಾತ್ರ ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ.