ಬೇಟೆಗೆ ಲ್ಯಾಬ್ರಡಾರ್ ನಾಯಿ ತಯಾರು ಮಾಡುವುದು: ನಾವೇ ಕಲಿಸಬೇಕಾ, ಟ್ರೈನರ್ ಹತ್ತಿರ ಬಿಡಬೇಕಾ?

ಅಮೆರಿಕದ ಮಿನ್ನೆಸೋಟಾದ ಕೆರೆಗಳಲ್ಲಿ ಬಾತು ಬೇಟೆಗೆ ಹೋಗುವ ನನ್ನ ಹತ್ತಿರ ಎರಡು ಲ್ಯಾಬ್ರಡಾರ್ ನಾಯಿಗಳಿವೆ. ಕರಿಯನಿಗೆ ಪೂರ್ತಿ ನಾನೇ ಕಲಿಸಿದೆ. ಚಿನ್ನಿಯನ್ನು ಒಂದು ಬೇಸಿಗೆ ಟ್ರೈನರ್ ಹತ್ತಿರ ಬಿಟ್ಟೆ. ಊರಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಹಕ್ಕಿ ಬೇಟೆ ಅಪರಾಧ. ಇಲ್ಲಿ ಲೈಸೆನ್ಸ್, ಡಕ್ ಸ್ಟ್ಯಾಂಪ್ (ಬಾತು ಬೇಟೆಗೆ ಕೊಳ್ಳಬೇಕಾದ ಸರ್ಕಾರಿ ಚೀಟಿ), ದಿನಕ್ಕೆ ಇಷ್ಟೇ ಹಕ್ಕಿ ಎಂಬ ಮಿತಿ, ಎಲ್ಲ ಇದೆ. ಹೊಡೆದ ಹಕ್ಕಿ ಜೊಂಡಿನಲ್ಲಿ ಬಿದ್ದು ದಂಡವಾಗಬಾರದು, ಗಾಯಗೊಂಡು ನರಳಬಾರದು. ಬಿದ್ದ ಹಕ್ಕಿಯನ್ನು ಹುಡುಕಿ ತರುವ ಒಳ್ಳೆಯ ನಾಯಿ ಬೇಕಾಗಿರುವುದು ಅದಕ್ಕೇ.

ಟ್ರೈನರ್‌ಗೆ ದುಡ್ಡು ಕೊಡುವುದು ವಿದ್ಯೆಗೆ ಅಂತ ತುಂಬಾ ಜನ ತಿಳಿದಿದ್ದಾರೆ. ನನ್ನ ಪ್ರಕಾರ ಹಾಗಲ್ಲ. ಹೇಗೆ ಕಲಿಸಬೇಕು ಅನ್ನುವುದು ಪುಸ್ತಕದಲ್ಲಿ, ವಿಡಿಯೋದಲ್ಲಿ ಸಿಗುತ್ತದೆ. ಸಿಗದಿರುವುದು ಜಾಗ, ನೀರು, ಹಕ್ಕಿ ಮತ್ತು ದೂರದಲ್ಲಿ ನಿಂತು ಬಂಪರ್ (ಹಕ್ಕಿಯ ಬದಲು ಬಳಸುವ ಡಮ್ಮಿ) ಎಸೆಯುವ ಇನ್ನೊಬ್ಬ ಮನುಷ್ಯ. ನಾನು ನಾಯಿಯ ಪಕ್ಕದಲ್ಲೇ ನಿಂತು ಎಸೆದರೆ ಬಂಪರ್ 30 ಗಜ ಹೋದರೆ ಹೆಚ್ಚು. ಬೀಳುವುದೆಲ್ಲ ಹತ್ತಿರದಲ್ಲೇ, ಅದೂ ನನ್ನ ಕೈಯಿಂದಲೇ ಅಂತ ನಾಯಿ ಲೆಕ್ಕ ಹಾಕಿಬಿಡುತ್ತದೆ. ಕರಿಯನನ್ನು ಕೂರಿಸಿ, ನಾನೇ ದೂರ ನಡೆದು ಹೋಗಿ ಎಸೆದು, ಅಲ್ಲಿಂದಲೇ ಹೆಸರು ಹಿಡಿದು ಕಳಿಸುತ್ತಿದ್ದೆ. ಕೆಲಸ ಆಗುತ್ತದೆ, ಆದರೆ ನಿಧಾನ. ಟ್ರೈನರ್ ಹತ್ತಿರ ಬಿಳಿ ಕೋಟು ಹಾಕಿದ ಸಹಾಯಕರು ಬೇರೆ ಬೇರೆ ದಿಕ್ಕಿನಿಂದ ಎಸೆಯುತ್ತಾರೆ. ಪಾರಿವಾಳ ಇದೆ, ನಾಲ್ಕಾರು ಕೊಳ ಇವೆ. ವಾರಕ್ಕೆ ಐದು ದಿನ ಅದೇ ಕೆಲಸ.

ಎರಡು ನಾಯಿಗಳ ವ್ಯತ್ಯಾಸ ಎದ್ದು ಕಾಣುವುದು ನೀರಿನ ಅಂಚಿನಲ್ಲಿ. ಕರಿಯ ಬಾತು ಕಚ್ಚಿಕೊಂಡು ಈಜಿ ಬರುತ್ತಾನೆ. ದಡ ಹತ್ತಿದ ತಕ್ಷಣ ಹಕ್ಕಿಯನ್ನು ಕೆಳಗಿಟ್ಟು ಮೈ ಕೊಡವುತ್ತಾನೆ. ಹಕ್ಕಿ ಸತ್ತಿದ್ದರೆ ಪರವಾಗಿಲ್ಲ. ರೆಕ್ಕೆ ಮಾತ್ರ ಮುರಿದಿದ್ದರೆ ಅಷ್ಟರಲ್ಲಿ ಮತ್ತೆ ನೀರಿಗೆ ಇಳಿದುಬಿಡುತ್ತದೆ. ಚಿನ್ನಿ ನೀರು ಸುರಿಸಿಕೊಂಡೇ ಬಂದು, ಪಕ್ಕದಲ್ಲಿ ಕೂತು, ನಾನು ಕೈ ಚಾಚುವ ತನಕ ಬಾಯಿ ಬಿಡುವುದಿಲ್ಲ. ಕಾರಣ ಫೋರ್ಸ್ ಫೆಚ್, ಅಂದರೆ ಹಿಡಿದದ್ದನ್ನು ಹೇಳುವ ತನಕ ಬಿಡದಂತೆ ಒತ್ತಾಯದಿಂದ ಕಲಿಸುವ ಪಾಠ. ಹಾಲುಹಲ್ಲು ಬಿದ್ದು ಗಟ್ಟಿ ಹಲ್ಲು ಬಂದ ಮೇಲೆ, ಸುಮಾರು ಆರು ತಿಂಗಳಿಗೆ, ಇದನ್ನು ಶುರು ಮಾಡುತ್ತಾರೆ. ಕಿವಿಯನ್ನು ಹಿಂಡುತ್ತಾರೆ, ನಾಯಿ ಬಂಪರ್ ಹಿಡಿದ ಆ ಕ್ಷಣವೇ ಬಿಡಬೇಕು. ಕೈ ಒಂಚೂರು ತಡ ಮಾಡಿದರೂ ನಾಯಿಗೆ ಪಾಠ ತಿಳಿಯುವುದಿಲ್ಲ, ಬರೀ ನೋವು ತಿಳಿಯುತ್ತದೆ. ನೋಡಲು ಹಿತವಾದ ಕೆಲಸ ಅಲ್ಲ. ಪಳಗಿದ ಕೈಯೇ ಬೇಕು ಅನ್ನುವುದು ಇಲ್ಲಿ ಮಾತ್ರ. ಕರಿಯನಿಗೆ ಗ್ಯಾರೇಜಿನಲ್ಲಿ ಪೇಂಟ್ ರೋಲರ್ ಕೊಟ್ಟು 'ಹೋಲ್ಡ್' ಕಲಿಸಿದ್ದೆ. ಒಣ ನೆಲದಲ್ಲಿ ಅಷ್ಟು ಸಾಕು.

ಬೀಳುವುದನ್ನು ನಾಯಿ ನೋಡದ ಹಕ್ಕಿಗೆ, ಅಂದರೆ ಬ್ಲೈಂಡ್‌ಗೆ, ಚಿನ್ನಿಯೇ ಮೇಲು. 100 ಗಜ ದೂರದಲ್ಲೂ ಒಂದು ವಿಷಲ್‌ಗೆ ತಿರುಗಿ ಕೂರುತ್ತಾಳೆ, ಯಾವ ಕಡೆ ಹೋಗಬೇಕು ಅಂತ ನನ್ನ ಕೈ ನೋಡುತ್ತಾಳೆ. ಇದನ್ನು ಕಲಿಸಲು ಕಿತ್ತಳೆ ಬಣ್ಣದ ಬಂಪರ್ ಬೇಕು. ಹಸಿರು ಹುಲ್ಲಿನಲ್ಲಿ ಅದು ನಮಗೆ ಎದ್ದು ಕಾಣುತ್ತದೆ, ನಾಯಿಗೆ ಕಾಣುವುದಿಲ್ಲ. ಬಿಳಿಯದು ಇಟ್ಟರೆ ನಾಯಿ ಕಣ್ಣನ್ನೇ ನಂಬುತ್ತದೆ, ನಿಮ್ಮನ್ನಲ್ಲ.

ಆದರೆ ನಿಜವಾದ ಬೇಟೆಯ ದಿನ, ನನ್ನ ದೋಣಿಯಲ್ಲಿ, ನನಗೆ ಕರಿಯನೇ ಬೇಕು. ಮರಿಯಾಗಿದ್ದಾಗಿನಿಂದ ಅಂಗಳದಲ್ಲಿ ಡಿಕಾಯ್ ಬಾತುಗಳ (ಹಕ್ಕಿಗಳನ್ನು ಸೆಳೆಯಲು ನೀರಿಗೆ ಬಿಡುವ ನಕಲಿ ಬಾತುಗಳ) ನಡುವೆ ಓಡಾಡಿದವನು. ಅವುಗಳ ದಾರಕ್ಕೆ ಕಾಲು ಸಿಕ್ಕಿದರೂ ಗಾಬರಿಯಾಗುವುದಿಲ್ಲ. ಕಾಡು ಭತ್ತದ ದಟ್ಟಣೆಯಲ್ಲಿ ಮೂಗಿನಿಂದಲೇ ಹುಡುಕುತ್ತಾನೆ, ಸುಮ್ನೆ ವಾಪಸ್ ಬರುವವನಲ್ಲ. ಚಿನ್ನಿ ಟ್ರೈನರ್ ಮಾತು ಕೇಳುತ್ತಿದ್ದಳು, ಮನೆಗೆ ಬಂದ ಮೊದಲ ವಾರಗಳಲ್ಲಿ ನನ್ನನ್ನು ಅಳೆದು ನೋಡಿದಳು. ಹಾಗಾಗಿ ಯಜಮಾನರು ವಾರಕ್ಕೊಮ್ಮೆ ಬಂದು ಜೊತೆಯಲ್ಲಿ ಕೆಲಸ ಮಾಡಲು ಬಿಡದ ಟ್ರೈನರ್ ಹತ್ತಿರ ನಾಯಿ ಬಿಡಬೇಡಿ. ಅಲ್ಲಿ ಕೆಲಸಕ್ಕೆ ಹೊರಟ ನಾಯಿಗಳ ಬಾಲ ನೋಡಿ. ಬಾಲ ಎತ್ತಿ ಆಡಿಸುತ್ತಿದ್ದರೆ ಸರಿ, ಕಾಲಿನ ಮಧ್ಯೆ ಸಿಕ್ಕಿಸಿಕೊಂಡಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ.

ಖರ್ಚಿನ ಮಾತು. ನಾನು ಕೊಟ್ಟಿದ್ದು ತಿಂಗಳಿಗೆ 900 ಡಾಲರ್, ಹಕ್ಕಿಯ ದುಡ್ಡು ಬೇರೆ. ಮನೆಯಲ್ಲಿ ಕಲಿಸಿದರೆ ಬಂಪರ್, ಉದ್ದ ಹಗ್ಗ, ವಿಷಲ್ ಇಷ್ಟೇ. ದೂರದಿಂದಲೇ ಬಂಪರ್ ಹಾರಿಸುವ ರಿಮೋಟ್ ಲಾಂಚರ್ ಕೊಂಡರೆ ಮಾತ್ರ ಜಾಸ್ತಿ. ದಿನಾ ಆಫೀಸಿಗೆ ಮುಂಚೆ ಕಾಲು ಗಂಟೆ ತಪ್ಪದೆ ಕೊಡಬೇಕು, ಅಷ್ಟು ಆಗುತ್ತಾ ಅಂತ ನೀವೇ ನೋಡಿಕೊಳ್ಳಿ. ಡಿಕಾಯ್ ಮುಂದೆ ಹತ್ತಿರದ ಹಕ್ಕಿ ಮಾತ್ರ ಹೊಡೆಯುವವರಿಗೆ, ಎಕೆಸಿಯ (ಅಮೆರಿಕನ್ ಕೆನಲ್ ಕ್ಲಬ್) ಮೊದಲ ಹಂತದ ಜೂನಿಯರ್ ಹಂಟರ್ ಪರೀಕ್ಷೆ ಸಾಕು ಅನ್ನುವವರಿಗೆ ಟ್ರೈನರ್ ಬೇಡವೇ ಬೇಡ. ಅದರ ಮೇಲಿನ ಹಂತವಾದ ಮಾಸ್ಟರ್ ಹಂಟರ್ ಆಸೆ ಇದ್ದರೆ ಬೇಕು.

ಮುಂದಿನ ಮರಿಗೆ ನನ್ನ ಲೆಕ್ಕ ಹೀಗೆ. ಆರೇಳು ತಿಂಗಳು ಮನೆಯಲ್ಲೇ. ಫೋರ್ಸ್ ಫೆಚ್‌ಗೆ ಮಾತ್ರ ಟ್ರೈನರ್. ಆಮೇಲೆ ರಿಟ್ರೀವರ್ ಕ್ಲಬ್, ಅಲ್ಲಿ ಒಬ್ಬರ ನಾಯಿಗೆ ಇನ್ನೊಬ್ಬರು ಎಸೆಯುತ್ತಾರೆ. ಟ್ರೈನರ್ ಜಾಗ ಮಾತ್ರ ಮರಿ ಮನೆಗೆ ಬಂದ ವಾರವೇ ಹಿಡಿದಿಟ್ಟುಕೊಳ್ಳಿ, ಅದೂ ಬೇಸಿಗೆಗೆ. ಚಳಿಗಾಲ ಬಂದರೆ ಇಲ್ಲಿನ ಎಷ್ಟೋ ಟ್ರೈನರ್‌ಗಳು ನಾಯಿಗಳನ್ನು ಕಟ್ಟಿಕೊಂಡು ದಕ್ಷಿಣದ ರಾಜ್ಯಗಳಿಗೆ ಹೋಗುತ್ತಾರೆ. ಆಗ ವಾರಕ್ಕೊಮ್ಮೆ ಹೋಗಿ ನೋಡುವ ಮಾತೇ ಇಲ್ಲ.