ಬಿಲ್ಲಿನಲ್ಲಿ ಕಾಂಟ್ರಾಸ್ಟ್, ಕೈಗೆ ಸೂಜಿಯೇ ಇಲ್ಲ! ವಿಜಯಪುರದವರೇ ಹುಷಾರು

ಸಿಟ್ಟು ಇನ್ನೂ ಇಳಿದಿಲ್ಲ. ವಿಜಯಪುರದ ಒಂದು ಸ್ಕ್ಯಾನ್ ಸೆಂಟರ್‌ನವರು ನಮಗೆ ಚೆನ್ನಾಗಿ ಟೋಪಿ ಹಾಕಿದರು.

ನಮ್ಮ ಕಾಕಾರ ತೊಡೆಯಲ್ಲಿ ಗಡ್ಡೆ. ನೋವಿಲ್ಲ, ಆದರೆ ಬೆಳೆದು ಮೋಸಂಬಿಯಷ್ಟಾಗಿತ್ತು. ಡಾಕ್ಟರಿಗೆ ಸಾರ್ಕೋಮಾ ಅನುಮಾನ, ಅಂದರೆ ಸ್ನಾಯು, ಕೊಬ್ಬಿನಂಥ ಮೆತ್ತನೆ ಭಾಗದ ಕ್ಯಾನ್ಸರ್. ಚೀಟಿಯಲ್ಲಿ ಬರೆದಿದ್ದೇ ಎರಡು: ತೊಡೆಗೆ ಎಂಆರ್‌ಐ, ಎದೆಗೆ ಸಿಟಿ.

ಕೌಂಟರ್‌ನವನು ಚೀಟಿ ನೋಡಿ, "ಎಂಆರ್‌ಐ ಯಾಕ್ರಿ ಸುಮ್ನ, ಜಾಸ್ತಿ ರೊಕ್ಕ. ತೊಡಿಗೇ ಸಿಟಿ ಮಾಡೋಣ, ಎಲ್ಲಾ ಕಾಣತೈತಿ. ಡಾಕ್ಟರ್‌ಗೆ ನಾವ ಫೋನ್ ಮಾಡೀವಿ" ಅಂದ. ಫೋನ್ ಮಾಡೀವಿ ಅಂದ ಮೇಲೆ ಯಾರು ತಾನೇ ನಂಬಲ್ಲ?

ಡಾಕ್ಟರ್ ಫಿಲ್ಮ್ ಬೆಳಕಿಗೆ ಹಿಡಿದು, "ನನಗೆ ಯಾರೂ ಫೋನ್ ಮಾಡಿಲ್ಲ" ಅಂದರು. ಸಿಟಿಯಲ್ಲಿ ಸ್ನಾಯು, ಗಡ್ಡೆ ಎರಡೂ ಹೆಚ್ಚುಕಡಿಮೆ ಒಂದೇ ಬಣ್ಣ, ಅಂಚು ಎಲ್ಲಿ ಮುಗೀತು ಅಂತ ಗೊತ್ತಾಗಲ್ಲವಂತೆ. ಕೈಕಾಲಿನ ಗಡ್ಡೆಗೆ ಎಂಆರ್‌ಐಯೇ ಬೇಕು. ಸಿಟಿ ಬೇಕಿದ್ದದ್ದು ಎದೆಗೆ, ಯಾಕೆಂದರೆ ಈ ಕ್ಯಾನ್ಸರ್ ಹೆಚ್ಚಾಗಿ ಹರಡೋದು ಶ್ವಾಸಕೋಶಕ್ಕೆ. ಅದನ್ನೇ ಬಿಟ್ಟಿದ್ದಾರೆ ಪುಣ್ಯಾತ್ಮರು!

ಆಮೇಲೆ ಬಿಲ್ ನೋಡಿದರು. ಅದರಲ್ಲಿ ಕಾಂಟ್ರಾಸ್ಟ್ ಇತ್ತು, ಅಂದರೆ ಸ್ಕ್ಯಾನ್‌ನಲ್ಲಿ ಚೆನ್ನಾಗಿ ಕಾಣಲಿ ಅಂತ ನರಕ್ಕೆ ಚುಚ್ಚೋ ಔಷಧಿ. "ಕಾಂಟ್ರಾಸ್ಟ್ ಅಂತ ರೊಕ್ಕ ತಗೊಂಡಿದ್ದಾರೆ, ಇಂಜೆಕ್ಷನ್ ಕೊಟ್ಟರಾ?" ಕಾಕಾ ತೋಳು ಮಡಚಿ ಎರಡೂ ಕೈ ತಿರುಗಿಸಿ ನೋಡಿಕೊಂಡರು. "ಯಾರೂ ಸೂಜಿ ಚುಚ್ಚಿಲ್ರಿ." ಅದನ್ನು ಚುಚ್ಚೋ ಮೊದಲು ನೋಡೋ ಕ್ರಿಯಾಟಿನಿನ್ ರಿಪೋರ್ಟ್ (ಕಿಡ್ನಿ ಹೇಗಿದೆ ಅಂತ ತಿಳಿಸೋ ರಕ್ತಪರೀಕ್ಷೆ) ಸಹ ಸೆಂಟರ್‌ನವರು ಕೇಳಿರಲಿಲ್ಲ. ನನಗೆ ತಲೆ ಎತ್ತೋಕೆ ಆಗಲಿಲ್ಲ.

ವಾಪಸ್ ಹೋಗಿ ಕೇಳಿದರೆ? "ಅದು ಪ್ಯಾಕೇಜ್ ರೇಟ್ ರೀ." ಮತ್ತೆ ಕೇಳಿದೆ. "ವಯಸ್ಸಾದವ್ರು, ಕಿಡ್ನಿಗೆ ತ್ರಾಸ ಆಗಬಾರ್ದಂತ ಹಾಕಿಲ್ಲ." ಹಾಕಿಲ್ಲ ಅಂದರೆ ರೊಕ್ಕ ಯಾಕೆ ತಗೊಂಡ್ರಿ? "ಸಾಹೇಬ್ರು ಊರಾಗಿಲ್ಲ." ಸ್ಕ್ಯಾನ್ ಚಿತ್ರಗಳಿರೋ ಸಿಡಿ ಕೊಡಿ ಅಂದರೆ, "ಫಿಲ್ಮ್ ಕೊಟ್ಟೀವಲ್ಲ?" ಕೊನೆಗೆ ಕಾಯ್ತಾ ಕೂತವರೆಲ್ಲರ ಮುಂದೆ, "ಇವ್ರಿಗೆ ಸ್ಕ್ಯಾನ್ ಬಗ್ಗೆ ಏನ್ ತಿಳೀತೈತಿ ಬಿಡ್ರಿ" ಅಂತ ನಕ್ಕ. ನಗು! ಮನೆಯಲ್ಲಿ ಕ್ಯಾನ್ಸರ್ ಅನುಮಾನ ಇರೋರ ಮುಂದೆ.

ಚೀಟಿಯಲ್ಲಿ ಇರೋ ಸ್ಕ್ಯಾನ್ ಬದಲಿಸ್ತೀವಿ ಅಂದರೆ ಅಲ್ಲೇ ನಿಂತು ನಿಮ್ಮ ಫೋನಿಂದಲೇ ಡಾಕ್ಟರಿಗೆ ಕೇಳಿ. ಬಿಲ್ಲಿನಲ್ಲಿ ಕಾಂಟ್ರಾಸ್ಟ್ ಇದ್ದರೆ ಸೂಜಿ ಚುಚ್ಚಿದ್ದಾರಾ ನೋಡಿ. ಸಿಡಿ ಕೈಗೆ ಬರೋವರೆಗೂ ಕದಲಬೇಡಿ. ಈಗ ಬೇರೆ ಕಡೆ ಎಂಆರ್‌ಐ, ಎದೆಯ ಸಿಟಿ ಎರಡೂ ಆಗಿವೆ, ಬಯಾಪ್ಸಿ ರಿಪೋರ್ಟ್ ಬರಬೇಕು. ಅವರಿಂದ ರೊಕ್ಕ ಮಾತ್ರ ಬಂದಿಲ್ಲ. ಕೇಳಿದಾಗಲೆಲ್ಲ ಅದೇ ಮಾತು: "ನಾಳಿ ಬರ್ರಿ."