ಹೆಪಟೈಟಿಸ್ ಸಿ ವೈರಲ್ ಲೋಡ್ ಟೆಸ್ಟ್ ಮಾಡಿಸಿದ ಲ್ಯಾಬ್: ಒಳಗಿನೋರಿಗೆ ಫುಲ್ ಮಾರ್ಕ್ಸ್, ಕೌಂಟರ್‌ನೋರಿಗೆ ಇಲ್ಲ

ಹರ್ನಿಯಾ ಆಪರೇಷನ್‌ಗೆ ಮುಂಚೆ ಮಾಮೂಲಿ ಬ್ಲಡ್ ಟೆಸ್ಟ್ ಮಾಡ್ಸಿದ್ರಲ್ಲಿ ಆಂಟಿ ಎಚ್‌ಸಿವಿ ರಿಯಾಕ್ಟಿವ್, ಅಂದ್ರೆ ಹೆಪಟೈಟಿಸ್ ಸಿ ವೈರಸ್ ವಿರುದ್ಧ ದೇಹ ಮಾಡ್ಕೊಳ್ಳೋ ಆಂಟಿಬಾಡಿ ಇದೆ ಅಂತ ಬಂತು, ಕಾಮಾಲೆ ಇಲ್ಲ ಜ್ವರ ಇಲ್ಲ, ಇದೆಲ್ಲಿಂದ ವಕ್ಕರಿಸ್ತಪ್ಪಾ ಅಂತ ಅವತ್ತು ರಾತ್ರಿ ಕಣ್ಣೇ ಹತ್ತಲಿಲ್ಲ. ಚಿಕ್ಕವನಿದ್ದಾಗ 1988ರಲ್ಲಿ ಬಿದ್ದು ಪೆಟ್ಟಾಗಿ ರಕ್ತ ಹಾಕಿದ್ರು ಅಂದೆ, ಡಾಕ್ಟ್ರು ನಕ್ಕು, ಆಗ ಈ ವೈರಸ್ಸಿಗೆ ಹೆಸರೇ ಇರ್ಲಿಲ್ಲ ಕಣ್ರೀ, ಗೊತ್ತಾಗಿದ್ದೇ 1989ರಲ್ಲಿ, ಅಲ್ಲೀವರ್ಗೂ ಹೆಪಟೈಟಿಸ್ ಎ-ನೂ ಅಲ್ಲ ಬಿ-ನೂ ಅಲ್ಲ ಅಂತಿದ್ರು, ಇನ್ನು ರಕ್ತ ಚೆಕ್ ಮಾಡೋದೆಲ್ಲಿ ಬಂತು ಅಂದ್ರು. ಆದ್ರೆ ಆಂಟಿಬಾಡಿ ಇದೆ ಅಂದ್ರೆ ವೈರಸ್ ಯಾವಾಗ್ಲೋ ಒಳಗೆ ಬಂದಿತ್ತು ಅನ್ನೋ ಗುರುತಷ್ಟೇ, ನೂರರಲ್ಲಿ 15ರಿಂದ 45 ಜನಕ್ಕೆ ಆರು ತಿಂಗಳೊಳಗೆ ತಾನಾಗೇ ಹೋಗ್ಬಿಡುತ್ತೆ, ಈಗ್ಲೂ ಇದ್ಯಾ ನೋಡೋಕೆ ವೈರಸ್ಸಿನ ಆರ್‌ಎನ್‌ಎ (ಅದರ ವಂಶವಾಹಿ) ಹುಡುಕಿ ಎಣಿಸೋ ಪಿಸಿಆರ್ ಟೆಸ್ಟ್ ಮಾಡಿಸ್ಲೇಬೇಕು ಅಂತ ಈ ಲ್ಯಾಬಿಗೆ ಕಳ್ಸಿದ್ರು.

ಮೊದಲ್ನೇ ದಿನವೇ ಎಡವಟ್ಟು. ರಕ್ತ ತೆಗ್ದ ಹುಡುಗ ಹಸಿರು ಮುಚ್ಚಳದ ಟ್ಯೂಬಲ್ಲಿ ತಗೊಂಡ, ಮರುದಿನ ಫೋನ್, ಸ್ಯಾಂಪಲ್ ರಿಜೆಕ್ಟ್ ಆಗಿದೆ ಮತ್ತೆ ಬನ್ನಿ ಅಂತ. ಸಿಟ್ಟು ನೆತ್ತಿಗೇರಿತ್ತು, ಆದ್ರೆ ಒಳಗಿದ್ದ ಟೆಕ್ನಿಷಿಯನ್ ಮೇಡಂ ಸಮಾಧಾನವಾಗಿ ಹೇಳಿದ್ರು, ಹಸಿರು ಟ್ಯೂಬಲ್ಲಿ ಹೆಪಾರಿನ್ ಇರುತ್ತೆ ಅದು ಪಿಸಿಆರ್ ರಿಯಾಕ್ಷನ್ನನ್ನೇ ತಡೀಬಹುದು, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬೇ ಆಗ್ಬೇಕು ಅಂತ. ಹೋಗ್ಲಿ ಬಿಡು ಅಂತ ಅದನ್ನೇ ಮಷೀನಿಗೆ ಹಾಕ್ಲಿಲ್ವಲ್ಲ, ಅದಕ್ಕೆ ಮೆಚ್ಚಬೇಕು. ಎರಡನೇ ಸಲ ಅವರೇ ತಗೊಂಡು, ಆರ್‌ಎನ್‌ಎ ಬೇಗ ಕೆಡುತ್ತೆ ಅಂತ ತಡಮಾಡ್ದೆ ತಿರುಗ್ಸೋ ಮಷೀನಿಗಿಟ್ರು, ಹೊರಗೆ ತೆಗ್ದಾಗ ಮೇಲೆ ತಿಳಿ ಹಳದಿ ಪ್ಲಾಸ್ಮಾ, ಕೆಳಗೆ ಗಟ್ಟಿ ಕೆಂಪು, ಮಧ್ಯೆ ದಾರದಷ್ಟು ಬಿಳಿ ಗೆರೆ, ಆ ಹಳದೀನ ಮಾತ್ರ ಪಿಪೆಟ್ಟಲ್ಲಿ ಎತ್ಕೊಂಡ್ರು. ಉಪವಾಸ ಗಿಪವಾಸ ಏನೂ ಬೇಕಾಗಿಲ್ಲ ಇದಕ್ಕೆ.

ರಿಪೋರ್ಟು 12,50,000 ಐಯು/ಎಂಎಲ್ (ಒಂದು ಎಂಎಲ್‌ನಲ್ಲಿ ವೈರಸ್ ಎಷ್ಟಿದೆ ಅನ್ನೋ ಲೆಕ್ಕ), ಲಾಗ್ 6.10, ಅಂದ್ರೆ ಅದೇ ನಂಬರನ್ನ ಹತ್ತರ ಘಾತದಲ್ಲಿ ಬರೆದಿದ್ದು. ಹನ್ನೆರಡೂವರೆ ಲಕ್ಷ ನೋಡಿ ಎದೆ ಧಸಕ್ಕಂತು, ಕೌಂಟರಲ್ಲಿ ಕೇಳಿದ್ರೆ ಡಾಕ್ಟ್ರನ್ನ ಕೇಳಿ ಅಷ್ಟೇ. ಹೆಪಟೈಟಿಸ್ ಸಿ-ಲಿ ಲಕ್ಷಗಟ್ಟಲೆ ಬರೋದು ಮಾಮೂಲಿಯಂತೆ, ಲಿವರ್ ಎಷ್ಟು ಕೆಟ್ಟಿದೆ ಅಂತ ಈ ನಂಬರ್ ಹೇಳೋದೇ ಇಲ್ಲ, ಅದಕ್ಕೆ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯೋ ಫೈಬ್ರೋಸ್ಕ್ಯಾನ್ ಬೇರೆ. ಇನ್ನೊಂದು ಲ್ಯಾಬಲ್ಲಿ ಮಾಡಿಸಿ ಎರಡು ಮೂರು ಪಟ್ಟು ವ್ಯತ್ಯಾಸ ಬಂದ್ರೂ ಹೆಚ್ಚಾಯ್ತು ಕಮ್ಮಿಯಾಯ್ತು ಅಂತ ಲೆಕ್ಕ ಹಾಕ್ಬೇಡಿ, ಅರ್ಧ ಲಾಗ್ (ಸುಮಾರು ಮೂರು ಪಟ್ಟು) ಒಳಗಿನ ಏರಿಳಿತಕ್ಕೆ ಅರ್ಥ ಇಲ್ಲ. ಇಷ್ಟನ್ನ ರಿಪೋರ್ಟಿನ ಕೆಳಗೆ ಎರಡು ಸಾಲಲ್ಲಿ ಪ್ರಿಂಟ್ ಮಾಡಿದ್ರೆ ಇವರ ಗಂಟೇನು ಹೋಗ್ತಿತ್ತು?

12 ವಾರ ಮಾತ್ರೆ. ನಾಲ್ಕನೇ ವಾರದ ಟೆಸ್ಟಲ್ಲಿ ಡಿಟೆಕ್ಟೆಡ್, 15ಕ್ಕಿಂತ ಕಮ್ಮಿ ಅಂತ ಬಂತು. ಇದೆ, ಆದ್ರೆ ಮಷೀನ್ ಎಣಿಸಿ ಹೇಳೋವಷ್ಟು ಇಲ್ಲ ಅಂತ ಅರ್ಥ. ಅದನ್ನ ಕೌಂಟರಿನೋನು ಹತ್ತು ಜನ ಕೂತಿರೋ ಕಡೆ ಸಾರ್ ನಿಮ್ದು ಇನ್ನೂ ಪಾಸಿಟಿವೇ ಅಂತ ಕೂಗಿ ಹೇಳಿದ, ಪಕ್ಕದಲ್ಲಿ ಕೂತಿದ್ದಾತ ಬ್ಯಾಗ್ ಎತ್ಕೊಂಡು ಆ ಕಡೆ ಸರ್ಕೊಂಡ, ಸುಮ್ನೆ ಪಕ್ಕ ಕೂತ್ರೆ ಅಂಟೋ ಕಾಯಿಲೆನೇ ಅಲ್ಲ ಇದು. ಅವತ್ತು ಅಲ್ಲೇ ಜಗಳ ಆಡಿದೆ.

ಮಾತ್ರೆ ನಿಲ್ಸಿ 12 ವಾರ ಆದ್ಮೇಲೆ ಮಾಡೋದೇ ಅಸಲಿ ಟೆಸ್ಟು, ಅದ್ರಲ್ಲಿ ಟಾರ್ಗೆಟ್ ನಾಟ್ ಡಿಟೆಕ್ಟೆಡ್ ಬಂದ್ರೆ ವಾಸಿಯಾದ ಹಾಗೆ. ನಂದು ಬಂತು. ಆಂಟಿಬಾಡಿ ಟೆಸ್ಟನ್ನ ಮತ್ತೆ ಮಾಡಿಸೋಕೆ ಹೋಗ್ಬೇಡಿ, ಅದು ಸಾಮಾನ್ಯವಾಗಿ ಪಾಸಿಟಿವ್ ಆಗೇ ಉಳಿಯುತ್ತೆ, ಸುಮ್ನೆ ಗಾಬರಿ. ಹೆಪಟೈಟಿಸ್ ಬಿ ಇರೋರು ನನ್ನ ಲೆಕ್ಕ ನಿಮಗೆ ಹಚ್ಕೋಬೇಡಿ, ಅಲ್ಲಿ ನೋಡೋದು ಡಿಎನ್‌ಎ, ಮಾತ್ರೆಯಿಂದ ಲೋಡ್ ಇಳಿದ್ರೂ ವೈರಸ್ ಲಿವರ್ ಕೋಶದೊಳಗೆ ಅಡಗಿ ಕೂತಿರುತ್ತೆ.

ಐದಕ್ಕೆ ಮೂರೂವರೆ. ಕೊನೇ ರಿಪೋರ್ಟನ್ನ ಕವರಿಗೆ ಹಾಕಿ, ಅಂಟಿಸಿ, ಅದೇ ಕೌಂಟರಿನ ಹುಡುಗ ಮಾತಾಡ್ದೆ ಕೈಗಿಟ್ಟ, ಆ ಅರ್ಧ ಅದಕ್ಕೆ.